ಮಗುವಿನ ಮನೆಯನ್ನು ಅಂಕಿಗೆ ಇಳಿಸುವ ಮುನ್ನ

ಸಿಂಧನೂರು ಕಡೆಯ ಒಂದು ಪ್ರೌಢಶಾಲೆಯಲ್ಲಿ ಮೂವರು ಮಕ್ಕಳು ತಮ್ಮ ಮನೆಯ ಸ್ಥಿತಿಗತಿ ಬರೆದು ತುಂಬಿಕೊಟ್ಟ ಮೂರು ನಮೂನೆಗಳಿಂದ ನನ್ನ ಕಲಿಕೆ ಶುರುವಾಯಿತು. 'ತಂದೆಯ ಉದ್ಯೋಗ' ಎಂಬಲ್ಲಿ ಮೂವರೂ ಒಂದೇ ಮಾತು ಬರೆದಿದ್ದರು: ಬೇಸಾಯ. ನಾನು ಮೂವರಿಗೂ ಒಂದೇ ಅಂಕ ಕೊಟ್ಟು ಮುಂದಿನ ಹಾಳೆಗೆ ಹೋದೆ. ತಿಂಗಳ ಬಳಿಕ ಬೇರೆ ಕೆಲಸಕ್ಕೆ ಆ ಮೂರೂ ಮನೆಗಳಿಗೆ ಹೋಗಬೇಕಾಯಿತು. ಮೊದಲನೆಯವರಿಗೆ ತುಂಗಭದ್ರಾ ಎಡದಂಡೆ ಕಾಲುವೆಯ ಮೇಲ್ಭಾಗದಲ್ಲಿ 12 ಎಕರೆ ಭತ್ತದ ಗದ್ದೆ, ಅಂಗಳದಲ್ಲಿ ಟ್ರಾಕ್ಟರ್. ಎರಡನೆಯವರಿಗೆ 30 ಗುಂಟೆ ಎರೆ ಹೊಲ, ಮಳೆ ಬಂದರೆ ಜೋಳ, ಇಲ್ಲವಾದರೆ ಇಲ್ಲ. ಮೂರನೆಯವರಿಗೆ ಸ್ವಂತ ಭೂಮಿಯೇ ಇರಲಿಲ್ಲ. ಲಾವಣಿಗೆ ಹಿಡಿದ ಗದ್ದೆ, ಕಾಲುವೆಯ ಕೊನೆಯಂಚಿನಲ್ಲಿ. ಅಲ್ಲಿಗೆ ನೀರು ತಲುಪದ ವರ್ಷ ಲಾವಣಿಯ ದುಡ್ಡು ಮಾತ್ರ ಕಟ್ಟಲೇಬೇಕು.

ನಾನು ಹದಿನಾಲ್ಕು ವರ್ಷ ಪ್ರೌಢಶಾಲೆಯಲ್ಲಿ ಗಣಿತ ಕಲಿಸಿದವಳು. ಈಗ ಎಂ.ಎಡ್. ವಿದ್ಯಾರ್ಥಿಗಳ ಪ್ರಬಂಧಗಳಿಗೆ ಮಾರ್ಗದರ್ಶನ ಮಾಡುತ್ತೇನೆ. ಪ್ರತಿ ವರ್ಷ ಮೂರ್ನಾಲ್ಕು ಜನರಾದರೂ 'ಸಾಮಾಜಿಕ-ಆರ್ಥಿಕ ಹಿನ್ನೆಲೆ ಮತ್ತು ಶೈಕ್ಷಣಿಕ ಸಾಧನೆ' ಎಂಬ ವಿಷಯ ಹಿಡಿದು ಬರುತ್ತಾರೆ. ಹೆಚ್ಚಿನವರ ಕೈಯಲ್ಲಿ ಯಾರದೋ ಹಳೆಯ ಪ್ರಬಂಧದಿಂದ ಜೆರಾಕ್ಸ್ ಮಾಡಿಸಿದ ಒಂದು ಮಾಪನಿ ಇರುತ್ತದೆ. ಅವರಿಗೆ ನಾನು ಮೇಜಿನ ಎದುರು ಕೂರಿಸಿ ಹೇಳುವುದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಕೈಯಲ್ಲಿರುವ ಮಾಪನಿಯನ್ನು ಓದಿ

ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವುದು ಕುಪ್ಪುಸ್ವಾಮಿ ಮಾಪನಿ, 1976ರದ್ದು. ಕುಟುಂಬದ ಮುಖ್ಯಸ್ಥರ ಶಿಕ್ಷಣ, ಅವರ ಉದ್ಯೋಗ, ಕುಟುಂಬದ ತಿಂಗಳ ಆದಾಯ – ಈ ಮೂರಕ್ಕೂ ಅಂಕ ಕೊಟ್ಟು ಕೂಡಿಸಿದರೆ ಗರಿಷ್ಠ 29 ಬರುತ್ತದೆ. 26ರಿಂದ ಮೇಲೆ ಮೇಲ್ವರ್ಗ, 5ಕ್ಕಿಂತ ಕಡಿಮೆ ಇದ್ದರೆ ಕೆಳವರ್ಗ. ಸರಳವಾಗಿದೆ, ಬೇಗ ಮುಗಿಯುತ್ತದೆ. ಆದರೆ ಇದು ನಗರದ ಕುಟುಂಬಗಳಿಗೆ ಮಾಡಿದ ಮಾಪನಿ. ಹಳ್ಳಿಯ ಹೈಸ್ಕೂಲಿಗೆ ಇದನ್ನು ಹೊತ್ತುಕೊಂಡು ಹೋದರೆ ಇಡೀ ತರಗತಿ ಒಂದೆರಡು ಮೆಟ್ಟಿಲುಗಳಲ್ಲೇ ಕುಳಿತುಬಿಡುತ್ತದೆ. ಎಲ್ಲರಿಗೂ ಹತ್ತಿರಹತ್ತಿರ ಒಂದೇ ಅಂಕ ಬಂದರೆ ಆ ಅಂಕಕ್ಕೂ ಪರೀಕ್ಷೆಯ ಅಂಕಕ್ಕೂ ಸಂಬಂಧ ಹುಡುಕಿ ಪ್ರಯೋಜನವಿಲ್ಲ. 'ಸಾರ್ಥಕ ಸಂಬಂಧ ಕಂಡುಬಂದಿಲ್ಲ' ಎಂದು ಬರೆದು ಮುಗಿಸಿದ ಪ್ರಬಂಧಗಳಲ್ಲಿ ಎಷ್ಟೋ ಕಡೆ ತಪ್ಪು ಮಕ್ಕಳ ಬದುಕಿನಲ್ಲಿರಲಿಲ್ಲ, ಅಳತೆಗೋಲಿನಲ್ಲಿತ್ತು.

ಇನ್ನೊಂದು ತೊಡಕು ಆದಾಯದ ಕೋಷ್ಟಕದ್ದು. ಬೆಲೆ ಏರಿದಂತೆ ಆ ರೂಪಾಯಿ ಅಂಕಿಗಳನ್ನು ಗ್ರಾಹಕ ಬೆಲೆ ಸೂಚ್ಯಂಕ ನೋಡಿ ತಿದ್ದುತ್ತಿರಬೇಕು. ಹತ್ತು ವರ್ಷ ಹಿಂದಿನ ಪ್ರಬಂಧದಿಂದ ಇಳಿಸಿಕೊಂಡ ಕೋಷ್ಟಕದಲ್ಲಿ ಇಂದಿನ ಗಾರೆ ಕೆಲಸದವರ ಮನೆಯೂ ಮೇಲೆ ಹತ್ತಿ ಕೂರುತ್ತದೆ. ಮೂರನೆಯದು, ನನಗೆ ಎಲ್ಲಕ್ಕಿಂತ ಹೆಚ್ಚು ಬೇಸರದ್ದು: ಮುಖ್ಯಸ್ಥ ಎಂದರೆ ನಮೂನೆಯಲ್ಲಿ ತಂದೆಯೇ ಆಗಿಬಿಡುತ್ತಾನೆ, ತಾಯಿಯ ಓದು ಎಲ್ಲಿಯೂ ದಾಖಲಾಗುವುದಿಲ್ಲ. ಸಂಜೆ ಮಗುವಿನ ಪಕ್ಕ ಕೂರುವವಳು ಅವಳು. ಅವಳು ಏಳನೆಯವರೆಗೆ ಓದಿದ್ದಾಳೋ, ಶಾಲೆಯ ಮುಖವನ್ನೇ ಕಂಡಿಲ್ಲವೋ ಎಂಬುದನ್ನು ಬಿಟ್ಟು ಯಾವ ಹಿನ್ನೆಲೆಯನ್ನು ಅಳೆಯಲು ಸಾಧ್ಯ?

ಗ್ರಾಮೀಣ ಕುಟುಂಬಗಳಿಗೆಂದೇ ಉದಯ್ ಪಾರೀಕ್ ಮತ್ತು ಜಿ. ತ್ರಿವೇದಿ 1964ರಲ್ಲಿ ಮಾಡಿದ ಮಾಪನಿ ಇದೆ. ಜಾತಿ, ಉದ್ಯೋಗ, ಶಿಕ್ಷಣ, ಸಾಮಾಜಿಕ ಭಾಗವಹಿಸುವಿಕೆ, ಭೂಮಿ, ಮನೆ, ಉಳುಮೆಯ ಎತ್ತು-ಯಂತ್ರ, ಮನೆಯ ಸಾಮಾನು, ಕುಟುಂಬ ಎಂದು ಒಂಬತ್ತು ಅಂಶಗಳು. ಹಳ್ಳಿಯನ್ನು ಬಲ್ಲವರು ಮಾಡಿದ್ದು ಎಂದು ನೋಡಿದ ಕೂಡಲೇ ತಿಳಿಯುತ್ತದೆ. ಆದರೆ ಅಲ್ಲಿ ಜಾತಿಗೂ ಅಂಕವಿದೆ, ಪರಿಶಿಷ್ಟ ಜಾತಿಗೆ ಎಲ್ಲಕ್ಕಿಂತ ಕಡಿಮೆ ಅಂಕ. ಅದನ್ನು ಉಳಿದವುಗಳ ಜೊತೆ ಕೂಡಿಸಿಬಿಟ್ಟರೆ ನಾಳೆ ನೀವು ಕೇಳಬೇಕಾದ ಪ್ರಶ್ನೆಯ ದಾರಿಯೇ ಮುಚ್ಚುತ್ತದೆ. ಒಂದೇ ಬಗೆಯ ಮನೆ, ಒಂದೇ ಬಗೆಯ ಹೊಲ, ತಾಯಂದಿರ ಓದೂ ಒಂದೇ. ಆದರೂ ಒಂದು ಕೇರಿಯ ಮಗು ಹಿಂದೆ ಉಳಿಯುತ್ತದೆಯೇ? ಇದನ್ನು ಕೇಳಬೇಕಾದರೆ ಜಾತಿ ಪ್ರತ್ಯೇಕ ಕಂಬಸಾಲಿನಲ್ಲೇ ಇರಬೇಕು.

ಈ ಮಾತು ನಮ್ಮ ರಾಜ್ಯಕ್ಕೆ ಹೊಸದಲ್ಲ. ಹಿಂದುಳಿದಿರುವಿಕೆಯನ್ನು ಯಾವುದರಿಂದ ಅಳೆಯಬೇಕು ಎಂಬ ಜಗಳ ಮೈಸೂರು ರಾಜ್ಯದಿಂದಲೇ ಸುಪ್ರೀಂ ಕೋರ್ಟಿನವರೆಗೆ ಹೋಗಿತ್ತು. ಹಿಂದುಳಿದ ವರ್ಗಗಳನ್ನು ಗುರುತಿಸಲು ರಾಜ್ಯ ನೇಮಿಸಿದ್ದ ನಾಗನಗೌಡ ಸಮಿತಿಯ ಲೆಕ್ಕದಲ್ಲಿ ಹೈಸ್ಕೂಲಿನ ಕೊನೆಯ ಮೂರು ತರಗತಿಗಳಲ್ಲಿ ಒಂದು ಜಾತಿಯ ಪ್ರತಿ ಸಾವಿರ ಜನಸಂಖ್ಯೆಗೆ ಎಷ್ಟು ವಿದ್ಯಾರ್ಥಿಗಳು ಎಂಬುದೇ ಶೈಕ್ಷಣಿಕ ಅಳತೆ. ರಾಜ್ಯದ ಸರಾಸರಿ 6.9. 1962ರಲ್ಲಿ ಎಂ.ಆರ್. ಬಾಲಾಜಿ ಪ್ರಕರಣದಲ್ಲಿ ನ್ಯಾಯಾಲಯ, ಜಾತಿಯೊಂದನ್ನೇ ಆಧಾರ ಮಾಡಿಕೊಂಡದ್ದನ್ನೂ ಸರಾಸರಿಯ ಆಸುಪಾಸಿನಲ್ಲಿರುವವರನ್ನು ಹಿಂದುಳಿದವರೆಂದು ಎಣಿಸಿದ್ದನ್ನೂ ಒಪ್ಪಲಿಲ್ಲ. ಮರುವರ್ಷ ಸರ್ಕಾರ ಬೇರೆ ಅಳತೆ ತಂದಿತು: ವರ್ಷಕ್ಕೆ 1,200 ರೂಪಾಯಿ ಅಥವಾ ಅದಕ್ಕಿಂತ ಕಡಿಮೆ ಆದಾಯ, ಜೊತೆಗೆ ಗೊತ್ತುಪಡಿಸಿದ ಕಸುಬುಗಳಲ್ಲಿ ಒಂದು. ಆ ಪಟ್ಟಿಯ ಮೊದಲ ಕಸುಬು 'ಸ್ವತಃ ಬೇಸಾಯ ಮಾಡುವವರು'. 1964ರಲ್ಲಿ ಚಿತ್ರಲೇಖಾ ಪ್ರಕರಣದಲ್ಲಿ ನ್ಯಾಯಾಲಯ ಇದನ್ನು ಎತ್ತಿಹಿಡಿಯಿತು. 'ಸ್ವತಃ' ಎಂಬ ಆ ಒಂದು ಪದವನ್ನು ನಾನು ನನ್ನ ಮೊದಲ ನಮೂನೆಯಲ್ಲಿ ಹಾಕಿದ್ದರೆ ಮೂರು ಬೇಸಾಯಗಳು ಅಲ್ಲಿಯೇ ಬೇರೆಬೇರೆಯಾಗುತ್ತಿದ್ದವು.

ಏನು ಕೇಳಬೇಕು

ಮೂರು ಎಳೆ ಸಾಕು: ಹೆತ್ತವರ ಓದು, ಹೆತ್ತವರ ದುಡಿಮೆ, ಮನೆಯಲ್ಲಿರುವ ವಸ್ತು-ಸೌಕರ್ಯ. ಪೀಸಾ ಎಂಬ ಅಂತರರಾಷ್ಟ್ರೀಯ ಪರೀಕ್ಷೆಯೂ ತನ್ನ ಸೂಚ್ಯಂಕವನ್ನು ಈ ಮೂರರಿಂದಲೇ ಹೆಣೆಯುತ್ತದೆ. ಆದಾಯ ಎಲ್ಲಿ ಹೋಯಿತು ಎಂದು ವಿದ್ಯಾರ್ಥಿಗಳು ಕೇಳುತ್ತಾರೆ. ಹದಿಮೂರು ವರ್ಷದ ಮಗುವಿಗೆ ಅಪ್ಪನ ತಿಂಗಳ ಆದಾಯ ಗೊತ್ತಿರುವುದಿಲ್ಲ. ಕೂಲಿ, ಬೇಸಾಯದ ಮನೆಗಳಲ್ಲಿ ತಿಂಗಳ ಆದಾಯ ಎಂಬುದು ಅಪ್ಪನಿಗೂ ಗೊತ್ತಿರುವುದಿಲ್ಲ, ಅಲ್ಲಿ ಸುಗ್ಗಿ ಇದೆ, ಸಾಲ ಇದೆ, ನಡುವೆ ಖಾಲಿ ತಿಂಗಳುಗಳಿವೆ. ಶಾಲೆಯ ಕಡತದಲ್ಲಿರುವ ಆದಾಯ ಪ್ರಮಾಣಪತ್ರವನ್ನು ನಕಲು ಮಾಡಿಕೊಳ್ಳುವ ಆಸೆಯನ್ನೂ ಬಿಡಿ. ಅದು ವಿದ್ಯಾರ್ಥಿವೇತನಕ್ಕೆ ಬೇಕಾಗಿ ಮಾಡಿಸಿದ್ದು. ಅಲ್ಲಿನ ಅಂಕಿಗಳೆಲ್ಲ ಮಿತಿಯ ಗೆರೆಯ ಕೆಳಗೆ ಸಾಲಾಗಿ ನಿಂತಿರುತ್ತವೆ.

ಓದಿನ ಪ್ರಶ್ನೆ ಸುಲಭ ಎನಿಸುತ್ತದೆ, ಸುಲಭವಲ್ಲ. 'ಎಸ್‌ಎಸ್‌ಎಲ್‌ಸಿ' ಎಂದು ಒಂದೇ ಆಯ್ಕೆ ಇಟ್ಟರೆ ಪಾಸಾದವರೂ ಫೇಲಾದವರೂ ಅಲ್ಲೇ ಗುರುತು ಹಾಕುತ್ತಾರೆ. ನಮ್ಮ ಊರುಗಳಲ್ಲಿ 'ಎಸ್‌ಎಸ್‌ಎಲ್‌ಸಿ ಫೇಲ್' ಎಂಬುದೇ ಒಂದು ವಿದ್ಯಾರ್ಹತೆ. ಅದನ್ನು ಸಂಕೋಚವಿಲ್ಲದೆ ಪ್ರತ್ಯೇಕ ಮೆಟ್ಟಿಲಾಗಿ ಬರೆಯಿರಿ. ಶಾಲೆಗೆ ಹೋಗಿಲ್ಲ, ನಾಲ್ಕನೆಯವರೆಗೆ, ಏಳನೆಯವರೆಗೆ, ಎಸ್‌ಎಸ್‌ಎಲ್‌ಸಿ ಫೇಲ್, ಎಸ್‌ಎಸ್‌ಎಲ್‌ಸಿ ಪಾಸ್, ಪಿಯುಸಿ ಅಥವಾ ಐಟಿಐ, ಪದವಿ ಮತ್ತು ಮೇಲೆ. ತಾಯಿಗೊಂದು ಸಾಲು, ತಂದೆಗೊಂದು ಸಾಲು, ಮಗು ಅಜ್ಜಿಯ ಜೊತೆ ಇದ್ದರೆ ಅಜ್ಜಿಗೂ ಒಂದು ಸಾಲು. ಇವುಗಳ ಜೊತೆಗೆ ನಾನು ಸೇರಿಸುವ ಇನ್ನೊಂದು ಪ್ರಶ್ನೆ: 'ಶಾಲೆಯಿಂದ ಒಂದು ಚೀಟಿ ಬಂದರೆ ಮನೆಯಲ್ಲಿ ಅದನ್ನು ಓದಿ ಹೇಳುವವರು ಯಾರು?' ಬಹಳ ಮಕ್ಕಳು 'ನಾನೇ' ಎಂದು ಬರೆಯುತ್ತಾರೆ. ಆ ಉತ್ತರ ಇಡೀ ಪ್ರಶ್ನಾವಳಿಯಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದು.

ದುಡಿಮೆಯ ಪ್ರಶ್ನೆಯನ್ನು ಒಂದೇ ಪದದಲ್ಲಿ ಉತ್ತರಿಸಲು ಬಿಡಬೇಡಿ. ಎರಡು ಪ್ರಶ್ನೆ ಮಾಡಿ: 'ನಿನ್ನ ತಂದೆ ಏನು ಕೆಲಸ ಮಾಡುತ್ತಾರೆ?' ಮತ್ತು 'ನಿನ್ನೆ ಬೆಳಿಗ್ಗೆಯಿಂದ ಸಂಜೆವರೆಗೆ ಅವರು ಏನು ಮಾಡಿದರು?' ತಾಯಿಯ ಬಗ್ಗೆಯೂ ಅದೇ ಎರಡು. 'ಗೃಹಿಣಿ' ಎಂದು ಬರೆದ ಹುಡುಗಿ ಎರಡನೆಯ ಪ್ರಶ್ನೆಗೆ 'ಹತ್ತಿ ಬಿಡಿಸಲು ಹೋಗಿದ್ದಳು' ಎಂದು ಬರೆಯುತ್ತಾಳೆ. ಬೇಸಾಯ ಎಂದರೆ ಮುಂದುವರಿಸಿ: ಭೂಮಿ ಸ್ವಂತದ್ದೋ ಲಾವಣಿಯೋ ಪಾಲೋ, ಎಷ್ಟು ಎಕರೆ ಎಷ್ಟು ಗುಂಟೆ, ನೀರು ಕಾಲುವೆಯದೋ ಬೋರ್‌ವೆಲ್ಲಿನದೋ ಮಳೆಯದೋ. ಎಕರೆಗಳನ್ನು ಹಾಗೇ ಕೂಡಿಸಬೇಡಿ. ಕಾಲುವೆಯ ಮೇಲ್ಭಾಗದ ಎರಡೆಕರೆ ಎಷ್ಟು ಮಳೆಯಾಶ್ರಿತ ಭೂಮಿಗೆ ಸಮ ಎಂದು ಆ ಊರಿನ ನಾಲ್ವರು ರೈತರನ್ನು ಕೇಳಿ, ಅವರ ಮಾತನ್ನು ಪ್ರಬಂಧದಲ್ಲಿ ಬರೆದು, ಅದರಂತೆ ತೂಕ ಕೊಡಿ.

ಜಿಲ್ಲೆ ಬದಲಾದರೆ ಈ ಪ್ರಶ್ನೆಯೇ ಬದಲಾಗಬೇಕು. ದಕ್ಷಿಣ ಕನ್ನಡದಲ್ಲಿ ತಾಯಿ ಮನೆಯಲ್ಲೇ ಕೂತು ಬೀಡಿ ಕಟ್ಟುತ್ತಾಳೆ, ಮಗು ಅದನ್ನು 'ಕೆಲಸ' ಎಂದು ಬರೆಯುವುದಿಲ್ಲ. ಕೊಡಗಿನಲ್ಲಿ ಲೈನ್ ಮನೆಯಲ್ಲಿರುವ ಮಗುವಿನ ಮನೆಗೆ ಸಿಮೆಂಟಿನ ಗೋಡೆ ಇರುತ್ತದೆ, ಆದರೆ ಆ ಮನೆ ತೋಟದ ಮಾಲೀಕರದ್ದು. ರಾಯಚೂರು, ಯಾದಗಿರಿಯಲ್ಲಿ ಗುಳೆ. ದಸರೆ ಕಳೆದ ಮೇಲೆ ತರಗತಿಯ ಎಷ್ಟೋ ಮಕ್ಕಳ ಅಪ್ಪ-ಅಮ್ಮ ಬೆಂಗಳೂರಿನ ಕಟ್ಟಡಗಳಲ್ಲಿರುತ್ತಾರೆ. 'ಕಳೆದ ವರ್ಷ ನಿನ್ನ ಅಮ್ಮ ಎಷ್ಟು ತಿಂಗಳು ಮನೆಯಲ್ಲಿರಲಿಲ್ಲ?' ಎಂದು ನಾನು ನೇರವಾಗಿ ಕೇಳುತ್ತೇನೆ. ಈ ಪ್ರಶ್ನೆ ಯಾವ ಸಿದ್ಧ ಮಾಪನಿಯಲ್ಲಿಯೂ ನನಗೆ ಸಿಕ್ಕಿಲ್ಲ.

ಇನ್ನು ಮನೆಯ ವಸ್ತುಗಳು. ಹೆಚ್ಚು ಎಚ್ಚರ ಬೇಕಾದದ್ದು ಇಲ್ಲೇ, ಯಾಕೆಂದರೆ ವಸ್ತುಗಳ ಅರ್ಥ ನಮ್ಮ ಕಣ್ಣೆದುರೇ ಬದಲಾಗಿದೆ. ಹಳೆಯ ಪಟ್ಟಿಗಳಲ್ಲಿ ಸೈಕಲ್ಲಿಗೆ ಅಂಕವಿದೆ. 2006-07ರಿಂದ ಸರ್ಕಾರಿ, ಅನುದಾನಿತ ಶಾಲೆಗಳ ಎಂಟನೆಯ ತರಗತಿಯ ಮಕ್ಕಳಿಗೆ ರಾಜ್ಯ ಸರ್ಕಾರವೇ ಸೈಕಲ್ ಕೊಟ್ಟಿತು. ಆ ಯೋಜನೆ ನಡೆದ ವರ್ಷಗಳಲ್ಲಿ ಹೈಸ್ಕೂಲಿನ ಹುಡುಗನ ಮನೆಯಲ್ಲಿದ್ದ ಸೈಕಲ್ ಮನೆಯ ಸ್ಥಿತಿಯನ್ನು ಹೇಳಲಿಲ್ಲ, ಅವನು ಎಂಟನೆಯ ತರಗತಿ ಮುಟ್ಟಿದ್ದನ್ನು ಮಾತ್ರ ಹೇಳಿತು. 2016ರ ಉಜ್ವಲಾ ಯೋಜನೆಯ ಬಳಿಕ ಗ್ಯಾಸ್ ಸಂಪರ್ಕವೂ ಹಾಗೆಯೇ. ಸಂಪರ್ಕ ಇದೆಯೇ ಎಂದು ಕೇಳಬೇಡಿ, ಕಳೆದ ವರ್ಷ ಸಿಲಿಂಡರ್ ಎಷ್ಟು ಬಾರಿ ತುಂಬಿಸಿದರು ಎಂದು ಕೇಳಿ. ಗೃಹಜ್ಯೋತಿ ಬಂದ 2023ರ ನಂತರ ವಿದ್ಯುತ್ ಬಿಲ್ಲಿನ ಮೊತ್ತ ಏನನ್ನೂ ಹೇಳುವುದಿಲ್ಲ. ಶೌಚಾಲಯ ಇದೆಯೇ ಎಂದಲ್ಲ, ಅದಕ್ಕೆ ನೀರು ಎಲ್ಲಿಂದ ಬರುತ್ತದೆ ಎಂದು ಕೇಳಿ. ಬಿಪಿಎಲ್ ಕಾರ್ಡು ನಾನು ಹೋಗುವ ಶಾಲೆಗಳಲ್ಲಿ ಬಹುತೇಕ ಎಲ್ಲರ ಮನೆಯಲ್ಲೂ ಇದೆ. ಅಂತ್ಯೋದಯ ಕಾರ್ಡನ್ನು ಪ್ರತ್ಯೇಕವಾಗಿ ಕೇಳಿದರೆ ಮಾತ್ರ ಏನಾದರೂ ತಿಳಿಯುತ್ತದೆ. ಮೊಬೈಲ್ ಎಲ್ಲರಿಗೂ ಇದೆ. ಸಂಜೆ ಏಳಕ್ಕೆ ಆ ಮೊಬೈಲ್ ಯಾರ ಕೈಯಲ್ಲಿರುತ್ತದೆ, ಡೇಟಾ ತಿಂಗಳಿಡೀ ಇರುತ್ತದೆಯೇ ಎಂಬುದು ಪ್ರಶ್ನೆ.

ಮನೆಯ ನೆಲ, ಗೋಡೆ, ಸೂರಿನ ಬಗ್ಗೆಯೂ ಊರಿನ ಜ್ಞಾನ ಬೇಕು. ಕಲ್ಲಿನ ನೆಲ ಎಂದರೆ ಸ್ಥಿತಿವಂತರ ಮನೆ ಎಂದು ಹೊರಗಿನವರು ತಿಳಿಯುತ್ತಾರೆ. ಶಹಾಬಾದ್ ಕಲ್ಲು ಸಿಗುವ ನಮ್ಮ ಸೀಮೆಯಲ್ಲಿ ಬಡವರ ಮನೆಗೂ ಅದೇ ನೆಲ. ಸೂರು ಬೇರ್ಪಡಿಸುತ್ತದೆ: ಮಣ್ಣಿನ ಮಾಳಿಗೆ, ಪತ್ರಾಸು, ಆರ್‌ಸಿಸಿ. ಅದಕ್ಕಿಂತ ಚೆನ್ನಾಗಿ ಬೇರ್ಪಡಿಸುವುದು ಮಲಗುವ ಕೋಣೆಗೆ ಎಷ್ಟು ಜನ ಎಂಬ ಲೆಕ್ಕ.

ಪುಸ್ತಕಗಳ ಪ್ರಶ್ನೆಯನ್ನು ಪೀಸಾದಿಂದ ಹಾಗೇ ಎತ್ತಿಕೊಳ್ಳಬೇಡಿ. 2018ರವರೆಗೆ ಅಲ್ಲಿ ಮೊದಲ ಆಯ್ಕೆ ಸೊನ್ನೆಯಿಂದ ಹತ್ತು ಪುಸ್ತಕ, ಕೊನೆಯದು ಐನೂರಕ್ಕೂ ಹೆಚ್ಚು ಎಂದಿತ್ತು. ನಮ್ಮ ತರಗತಿ ಪೂರ್ತಿ ಮೊದಲ ಆಯ್ಕೆಯಲ್ಲೇ ತುಂಬಿಹೋಗುತ್ತದೆ. ಆ ಹತ್ತರೊಳಗೇ ಮನೆಗಳು ಬೇರೆಬೇರೆ. ಒಂದು ಮನೆಯಲ್ಲಿ ಪಂಚಾಂಗ ಮತ್ತು ವಚನಗಳ ಪುಸ್ತಕ, ಇನ್ನೊಂದರಲ್ಲಿ ಕುರಾನ್ ಮತ್ತು ಅದನ್ನು ಓದುವ ಅಜ್ಜ, ಮತ್ತೊಂದರಲ್ಲಿ ಅಕ್ಕನ ಹಳೆಯ ಗೈಡು, ಬೇರೊಂದರಲ್ಲಿ ಪಠ್ಯಪುಸ್ತಕ ಬಿಟ್ಟರೆ ಅಚ್ಚಾದ ಕಾಗದವೇ ಇಲ್ಲ. ಹೆಸರಿಟ್ಟು ಕೇಳಿ, ಎಣಿಸಿ. ಮನೆಮಾತನ್ನೂ ಕೇಳಿ. ಲಂಬಾಣಿ, ಉರ್ದು, ತೆಲುಗು ಮನೆಮಾತಿನ ಮಕ್ಕಳು ಕನ್ನಡದಲ್ಲಿ ಪರೀಕ್ಷೆ ಬರೆಯುತ್ತಾರೆ. ಆದರೆ ಮನೆಮಾತನ್ನು ಆರ್ಥಿಕ ಅಂಕದೊಳಗೆ ಸೇರಿಸಬೇಡಿ, ಅದೂ ಜಾತಿಯಂತೆ ಬೇರೆಯ ಸಾಲು.

ಹೇಗೆ ಕೇಳಬೇಕು

ನನ್ನ ಮೊದಲ ಸಮೀಕ್ಷೆಯಲ್ಲಿ ಪ್ರಶ್ನೆಗಳನ್ನು ಕರಿಹಲಗೆಯ ಮೇಲೆ ಬರೆದು ಇಡೀ ತರಗತಿಗೆ ಒಟ್ಟಿಗೆ ತುಂಬಿಸಿದೆ. ಎರಡನೆಯ ಬೆಂಚಿನ ಹುಡುಗಿಯೊಬ್ಬಳು ಎಡ ಅಂಗೈಯನ್ನು ಹಾಳೆಗೆ ಅಡ್ಡ ಹಿಡಿದು ಬರೆಯುತ್ತಿದ್ದಳು. ತಂದೆಯ ಉದ್ಯೋಗದ ಸಾಲಿಗೆ ಬಂದಾಗ ಪೆನ್ನು ನಿಂತಿತು. ಪಕ್ಕದವಳು ಕತ್ತು ಚಾಚಿ ನೋಡಿ, 'ಟೀಚರ್, ಅವಳಿಗೆ ಅಪ್ಪ ಇಲ್ಲ' ಎಂದು ಗಟ್ಟಿಯಾಗಿ ಹೇಳಿಬಿಟ್ಟಳು. ಆ ಹುಡುಗಿ ಹಾಳೆಯನ್ನು ಮಡಚಿ, ಮಡಚಿ, ಬೆಂಕಿಪೆಟ್ಟಿಗೆಯಷ್ಟು ಚಿಕ್ಕದು ಮಾಡಿ ಕೈಯಲ್ಲಿ ಹಿಡಿದುಕೊಂಡಳು. ಗಂಟೆ ಹೊಡೆಯುವವರೆಗೂ ಕೊಡಲಿಲ್ಲ. ತಪ್ಪು ನನ್ನದು. ಅಂದಿನಿಂದ ನಾನು ಈ ಪ್ರಶ್ನೆಗಳನ್ನು ತರಗತಿಯಲ್ಲಿ ಕೇಳಿಲ್ಲ, ನನ್ನ ವಿದ್ಯಾರ್ಥಿಗಳಿಗೂ ಬಿಟ್ಟಿಲ್ಲ.

ಒಬ್ಬೊಬ್ಬರನ್ನೇ ಕರೆಯಿರಿ, ವರಾಂಡದ ತುದಿಯಲ್ಲಿ ಅಥವಾ ಗ್ರಂಥಾಲಯದ ಕೋಣೆಯಲ್ಲಿ ಕೂರಿ, ನೀವೇ ಓದಿ ನೀವೇ ಬರೆದುಕೊಳ್ಳಿ. ಒಂದು ಮಗುವಿಗೆ ಹನ್ನೆರಡು ನಿಮಿಷ ಹಿಡಿಯುತ್ತದೆ. 300 ಮಕ್ಕಳೆಂದರೆ 60 ಗಂಟೆ. ಇಷ್ಟು ಸಮಯವಿಲ್ಲ ಎನ್ನುವವರಿಗೆ ನನ್ನ ಉತ್ತರ ಒಂದೇ: 120 ಮಕ್ಕಳನ್ನು ಆರಿಸಿಕೊಳ್ಳಿ, ಅವರನ್ನು ಸರಿಯಾಗಿ ಕೇಳಿ. ತರಗತಿಯ ಶಿಕ್ಷಕರು ಹತ್ತಿರ ಇರಬಾರದು. ಊಟದ ಬಿಡುವಿನಲ್ಲಿ ಕರೆಯಬೇಡಿ, ಮಗುವಿನ ಕಿವಿ ತಟ್ಟೆಯ ಸದ್ದಿನ ಕಡೆಗೇ ಇರುತ್ತದೆ. 'ಮನೆಯಲ್ಲಿ ಯಾರ್‍ಯಾರು ಇದ್ದೀರಿ?' ಎಂಬ ಪ್ರಶ್ನೆಯಿಂದ ಶುರು ಮಾಡಿ. ಅಪ್ಪ ಇದ್ದಾರೋ ಇಲ್ಲವೋ, ಊರಲ್ಲಿದ್ದಾರೋ ಇಲ್ಲವೋ ಎಂಬುದು ಅಲ್ಲಿಯೇ ತಾನಾಗಿ ತಿಳಿಯುತ್ತದೆ. ಮುಂದೆ ಕೇಳಬಾರದ್ದನ್ನು ಕೇಳದಿರಲು ಅನುಕೂಲ. ಜಾತಿಯನ್ನು ಮಗುವಿನ ಬಾಯಿಂದ ಹೇಳಿಸಬೇಡಿ. ಹೆತ್ತವರ ಒಪ್ಪಿಗೆ ಪಡೆದು ಶಾಲೆಯ ದಾಖಲೆಯಿಂದ ವರ್ಗವನ್ನಷ್ಟೇ ಬರೆದುಕೊಳ್ಳಿ.

ಒಪ್ಪಿಗೆ ಎಂದರೆ ಮುಖ್ಯೋಪಾಧ್ಯಾಯರ ಸಹಿ ಮಾತ್ರ ಅಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 18 ವರ್ಷದೊಳಗಿನವರೆಲ್ಲರನ್ನೂ ಮಕ್ಕಳೆಂದೇ ಎಣಿಸುತ್ತದೆ. ಕಾಯ್ದೆ ಇರಲಿ ಬಿಡಲಿ, ಒಂದು ಮನೆಯ ಒಳಗನ್ನು ಬರೆದುಕೊಳ್ಳುವ ಮುನ್ನ ಆ ಮನೆಯವರನ್ನು ಕೇಳಬೇಕು. ಪಾಲಕರ ಸಭೆಯಲ್ಲಿ ನಿಂತು ಕನ್ನಡದಲ್ಲಿ, ಬೇಕಾದರೆ ಅವರ ಮನೆಮಾತಿನಲ್ಲಿ, ಏನು ಕೇಳುತ್ತೇವೆ, ಯಾಕೆ, ಯಾವ ಯೋಜನೆಗೂ ಇದರಿಂದ ಲಾಭ-ನಷ್ಟ ಇಲ್ಲ ಎಂದು ಹೇಳಿ. ಕೊನೆಯ ಮಾತನ್ನು ಎರಡು ಸಲ ಹೇಳಿ. ರೇಷನ್ ಕಾರ್ಡು ಕಿತ್ತುಕೊಳ್ಳಲು ಬಂದವರು ಎಂಬ ಅಂಜಿಕೆ ಇದ್ದರೆ ಮನೆಯ ಟಿವಿ, ಬೈಕು ಎಲ್ಲವೂ ಉತ್ತರದಿಂದ ಮಾಯವಾಗುತ್ತವೆ.

ಮಕ್ಕಳು ಹೇಳಿದ್ದು ಎಷ್ಟು ನಿಜ? ಅದನ್ನೂ ಅಳೆಯಿರಿ. 30 ಮನೆಗಳನ್ನು ಚೀಟಿ ಎತ್ತಿ ಆರಿಸಿ, ಹೋಗಿ, ಅದೇ ಪ್ರಶ್ನೆಗಳನ್ನು ತಾಯಿಗೆ ಕೇಳಿ. ಪ್ರಶ್ನೆ ಪ್ರಶ್ನೆಗೂ ಎಷ್ಟು ಉತ್ತರಗಳು ಹೊಂದಿದವು ಎಂದು ಬರೆಯಿರಿ. ಕಾಕತಾಳೀಯವಾಗಿ ಹೊಂದುವುದನ್ನು ಕಳೆಯಲು ಕಪ್ಪಾ ಗುಣಾಂಕ ಹಾಕಿ. ನನ್ನ ಅನುಭವದಲ್ಲಿ ಸೂರು, ಕೋಣೆ, ಟಿವಿ ಚೆನ್ನಾಗಿ ಹೊಂದುತ್ತವೆ. ತಂದೆಯ ಓದು ಅಷ್ಟಾಗಿ ಹೊಂದುವುದಿಲ್ಲ, ಭೂಮಿಯ ಅಳತೆ ಎಲ್ಲಕ್ಕಿಂತ ಕಡಿಮೆ. ಹೊಂದದ ಪ್ರಶ್ನೆಯನ್ನು ತೆಗೆಯಿರಿ ಅಥವಾ ಅದನ್ನು ಪಾಲಕರಿಂದಲೇ ಪಡೆಯಿರಿ. ಪ್ರಶ್ನೆಗಳ ಉತ್ತರಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಎಂದಷ್ಟೇ ಹೇಳುವ ಕ್ರಾನ್‌ಬಾಕ್ ಆಲ್ಫಾ ಒಂದನ್ನು ಬರೆದು 'ವಿಶ್ವಾಸಾರ್ಹತೆ ಸ್ಥಾಪಿತವಾಗಿದೆ' ಎಂದರೆ ನಾನು ಪ್ರಬಂಧ ವಾಪಸು ಕೊಡುತ್ತೇನೆ. ಎಲ್ಲ ಮಕ್ಕಳೂ ಒಂದೇ ರೀತಿ ಹೆಚ್ಚಿಸಿ ಹೇಳಿದರೂ ಆಲ್ಫಾ ಚೆನ್ನಾಗಿಯೇ ಬರುತ್ತದೆ.

ಕೂಡಿಸುವ ಲೆಕ್ಕ

ಮೂರೂ ಎಳೆಗಳನ್ನು ಮೊದಲು ಬೇರೆಬೇರೆ ಇಟ್ಟು, ಪ್ರತಿಯೊಂದಕ್ಕೂ ಸಾಧನೆಗೂ ಇರುವ ಸಂಬಂಧವನ್ನು ನೋಡಿ. ತಾಯಿಯ ಓದು ಒಂದು ಬಗೆಯಲ್ಲಿ ಕೆಲಸ ಮಾಡುತ್ತದೆ, ಮನೆಯ ಬೆಳಕು ಮತ್ತು ಜಾಗ ಇನ್ನೊಂದು ಬಗೆಯಲ್ಲಿ. ಒಂದೇ ಅಂಕದಲ್ಲಿ ಬೆರೆಸಿದ ಮೇಲೆ ಯಾವುದು ಏನು ಮಾಡಿತು ಎಂದು ತಿಳಿಯಲು ದಾರಿಯಿಲ್ಲ. ಆಮೇಲೂ ಒಂದು ಸೂಚ್ಯಂಕ ಬೇಕೆಂದರೆ ಪ್ರತಿ ಎಳೆಯನ್ನೂ ಪ್ರಮಾಣೀಕರಿಸಿ: ಮಗುವಿನ ಅಂಕದಿಂದ ಸರಾಸರಿಯನ್ನು ಕಳೆದು ಪ್ರಮಾಣ ವಿಚಲನೆಯಿಂದ (ಅಂಕಗಳು ಸರಾಸರಿಯಿಂದ ಎಷ್ಟು ಚದುರಿವೆ ಎಂಬ ಅಳತೆ) ಭಾಗಿಸಿ.

ಒಂದು ಮಗುವನ್ನು ಊಹಿಸಿಕೊಂಡು ಮಾಡಿ ತೋರಿಸುತ್ತೇನೆ. ತಾಯಿಯ ಓದು 4 ವರ್ಷ. ನ್ಯಾದರ್ಶದ, ಅಂದರೆ ಅಧ್ಯಯನಕ್ಕೆ ಆರಿಸಿಕೊಂಡ ಮಕ್ಕಳ ಗುಂಪಿನ, ಸರಾಸರಿ 5, ವಿಚಲನೆ 4. ಬರುವುದು –0.25. ದುಡಿಮೆಯ ಮೆಟ್ಟಿಲು 2, ಸರಾಸರಿ 3, ವಿಚಲನೆ 1.25. ಬರುವುದು –0.80. ವಸ್ತು-ಸೌಕರ್ಯ 12ರಲ್ಲಿ 6, ಸರಾಸರಿ 7, ವಿಚಲನೆ 2. ಬರುವುದು –0.50. ಮೂರನ್ನೂ ಕೂಡಿಸಿ ಮೂರರಿಂದ ಭಾಗಿಸಿದರೆ –0.52. ಈ ಮಗು ತನ್ನ ಜೊತೆಯವರ ಸರಾಸರಿಗಿಂತ ಅರ್ಧ ವಿಚಲನೆಯಷ್ಟು ಕೆಳಗಿದೆ, ಮುಖ್ಯವಾಗಿ ದುಡಿಮೆಯ ಕಾರಣದಿಂದ. ಕಾಗದ-ಪೆನ್ಸಿಲಿನಲ್ಲಿ ಮಾಡಬಹುದು, ಪರೀಕ್ಷಕರಿಗೆ ವಿವರಿಸಬಹುದು.

ಪ್ರಧಾನ ಘಟಕ ವಿಶ್ಲೇಷಣೆ ಮಾಡಲೇಬೇಕೇ ಎಂದು ಕೇಳುತ್ತಾರೆ. ಫಿಲ್ಮರ್ ಮತ್ತು ಪ್ರಿಚೆಟ್ 2001ರಲ್ಲಿ ಪ್ರಕಟಿಸಿದ ಲೇಖನದಿಂದ ಈ ವಿಧಾನ ಹರಡಿತು. ಅವರು ಬಳಸಿದ್ದು ಭಾರತದ್ದೇ ಮಾಹಿತಿ, 1992-93ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ. ಆದಾಯವನ್ನೂ ಖರ್ಚನ್ನೂ ಕೇಳದೆ, ಮನೆಯ ವಸ್ತುಗಳು ಒಂದರ ಜೊತೆ ಒಂದು ಹೇಗೆ ಬರುತ್ತವೆ ಎಂಬುದರಿಂದಲೇ ಪ್ರತಿ ವಸ್ತುವಿಗೂ ತೂಕ ಕಂಡುಹಿಡಿದರು. ಒಳ್ಳೆಯ ವಿಧಾನ. ಆದರೆ ರಾಯಚೂರು ನಗರದ ಶಾಲೆಯನ್ನೂ ಹಳ್ಳಿಯ ಶಾಲೆಯನ್ನೂ ಒಟ್ಟಿಗೆ ಹಾಕಿ ಇದನ್ನು ನಡೆಸಿದರೆ ಎತ್ತು, ಎಮ್ಮೆ, ಹೊಲ ಇರುವುದಕ್ಕೆ ಋಣ ತೂಕ ಬರುವ ಸಾಧ್ಯತೆ ಇದೆ. ಯಂತ್ರಕ್ಕೆ ಕಾಣುವುದು ಇಷ್ಟೇ: ಎಮ್ಮೆ ಇರುವಲ್ಲಿ ಫ್ರಿಜ್ ಇಲ್ಲ. ಎರಡೆಮ್ಮೆ ಇರುವ ಮನೆ ಅದಿಲ್ಲದ ಮನೆಗಿಂತ ಬಡವಾಗಿಬಿಡುತ್ತದೆ. ನಗರ, ಹಳ್ಳಿಗಳಿಗೆ ಬೇರೆಬೇರೆ ನಡೆಸಿ, ಬಂದ ತೂಕಗಳನ್ನು ಒಂದೊಂದಾಗಿ ಓದಿ. ನೂರಿನ್ನೂರು ಮಕ್ಕಳ ಅಧ್ಯಯನಕ್ಕೆ ಮೇಲಿನ ಸರಳ ಸರಾಸರಿ ಸಾಕು.

ಖಾಲಿ ಬಿಟ್ಟ ಉತ್ತರಗಳನ್ನು ಅಳಿಸಿಹಾಕುವ ಅಭ್ಯಾಸ ನನ್ನನ್ನು ಬಹಳ ನೋಯಿಸುತ್ತದೆ. 'ಅಪೂರ್ಣವಾದ ನಮೂನೆಗಳನ್ನು ಕೈಬಿಡಲಾಗಿದೆ' ಎಂಬ ಒಂದು ವಾಕ್ಯದಲ್ಲಿ ಅಪ್ಪನಿಲ್ಲದ ಮಕ್ಕಳು, ಅಜ್ಜಿಯ ಮನೆಯ ಮಕ್ಕಳು, ಗುಳೆ ಹೋದವರ ಮಕ್ಕಳು ಅಧ್ಯಯನದಿಂದಲೇ ಹೊರಗೆ ಬೀಳುತ್ತಾರೆ. ಖಾಲಿ ಜಾಗಕ್ಕೂ ಸಂಕೇತ ಕೊಡಿ: ತಂದೆ ತೀರಿಕೊಂಡಿದ್ದಾರೆ, ಜೊತೆಗಿಲ್ಲ, ಮಗುವಿಗೆ ಗೊತ್ತಿಲ್ಲ, ಹೇಳಲು ಒಪ್ಪಲಿಲ್ಲ. ನಾಲ್ಕೂ ಬೇರೆಬೇರೆ. ತಂದೆಯ ಅಂಕವಿಲ್ಲದಿದ್ದರೆ ಇರುವ ಪಾಲಕರ ಅಂಕದಿಂದಲೇ ಆ ಎಳೆಯನ್ನು ತುಂಬಿ, ಹಾಗೆ ಮಾಡಿದ್ದನ್ನು ಬರೆಯಿರಿ.

ಫಲಿತಾಂಶ ಓದುವಾಗ

ಕಾರ್ಲ್ ವೈಟ್ 1982ರಲ್ಲಿ ಸುಮಾರು ಇನ್ನೂರು ಅಧ್ಯಯನಗಳನ್ನು ಒಟ್ಟುಹಾಕಿ ನೋಡಿದರು. ಒಬ್ಬೊಬ್ಬ ವಿದ್ಯಾರ್ಥಿಯನ್ನು ಘಟಕವಾಗಿ ತೆಗೆದುಕೊಂಡಾಗ ಹಿನ್ನೆಲೆಗೂ ಸಾಧನೆಗೂ ಇರುವ ಸಹಸಂಬಂಧ (ಸೊನ್ನೆ ಎಂದರೆ ನಂಟಿಲ್ಲ, 1 ಎಂದರೆ ಪೂರ್ತಿ ನಂಟು) 0.22. ಶಾಲೆಯಂಥ ಗುಂಪುಗಳ ಸರಾಸರಿಯನ್ನು ಘಟಕ ಮಾಡಿದಾಗ 0.73. ಎರಡೂ ನಿಜ, ಎರಡೂ ಬೇರೆ ಪ್ರಶ್ನೆಗಳಿಗೆ ಉತ್ತರ. 0.22 ಎಂದರೆ ಬಡ ಮನೆಯ ಮಗುವಿನ ಅಂಕವನ್ನು ಅದರ ಮನೆ ನೋಡಿ ಊಹಿಸಲು ಹೊರಟರೆ ಹೆಚ್ಚು ಸಲ ತಪ್ಪುತ್ತೀರಿ. ಇದನ್ನು ನನ್ನ ಶಿಕ್ಷಕ-ವಿದ್ಯಾರ್ಥಿಗಳಿಗೆ ಮತ್ತೆಮತ್ತೆ ಹೇಳುತ್ತೇನೆ, ಏಕೆಂದರೆ ಅವರು ನಾಳೆ ತರಗತಿಗೆ ಹೋಗುವವರು. 0.73 ಎಂದರೆ ಬಡವರ ಮಕ್ಕಳೆಲ್ಲ ಒಂದೇ ಶಾಲೆಯಲ್ಲಿ ಸೇರಿದಾಗ ಆ ಶಾಲೆಯ ಸರಾಸರಿ ಎಲ್ಲಿ ನಿಲ್ಲುತ್ತದೆ ಎಂಬ ಮಾತು. ಶಾಲೆಗಳ ಸರಾಸರಿಯಿಂದ ಲೆಕ್ಕ ಹಾಕಿ, ಮಕ್ಕಳ ಬಗ್ಗೆ ತೀರ್ಮಾನ ಬರೆಯಬೇಡಿ.

ನ್ಯಾದರ್ಶವನ್ನು ಐದು ಪಾಲು ಮಾಡಿ ಮೇಲಿನ ಪಾಲಿಗೆ 'ಶ್ರೀಮಂತ' ಎಂದು ಹೆಸರಿಡುವುದೂ ಬೇಡ. ಸರ್ಕಾರಿ ಹೈಸ್ಕೂಲಿನ ಮೇಲಿನ ಪಾಲಿನಲ್ಲಿ ಸಿಗುವುದು ಆಟೋ ಓಡಿಸುವವರ ಮನೆ, ಅಂಗನವಾಡಿ ಕಾರ್ಯಕರ್ತೆಯ ಮನೆ. ಊರಿನ ಸ್ಥಿತಿವಂತರ ಮಕ್ಕಳು ಬೆಳಿಗ್ಗೆ ಹಳದಿ ಬಸ್ಸು ಹತ್ತಿ ಬೇರೆ ಶಾಲೆಗೆ ಹೋಗಿರುತ್ತಾರೆ. 'ಮೊದಲನೆಯ ಪಾಲು', 'ಐದನೆಯ ಪಾಲು' ಎಂದೇ ಬರೆಯಿರಿ, ಪ್ರತಿ ಪಾಲಿನ ಒಂದು ಮನೆ ಹೇಗಿರುತ್ತದೆ ಎಂದು ನಾಲ್ಕು ಸಾಲಿನಲ್ಲಿ ವರ್ಣಿಸಿ.

ನಮೂನೆಗಳನ್ನು ಏನು ಮಾಡಬೇಕು

ಹೆಸರು ಮತ್ತು ಸಂಕೇತ ಸಂಖ್ಯೆಯ ಪಟ್ಟಿ ಒಂದು ಕಡೆ, ತುಂಬಿದ ನಮೂನೆಗಳು ಬೇರೆ ಕಡೆ. ಮೊಬೈಲಿನಲ್ಲಿ ಫೋಟೊ ತೆಗೆದು ವಾಟ್ಸ್ಆ್ಯಪ್ ಗುಂಪಿಗೆ ಹಾಕಿ ಟೈಪ್ ಮಾಡಿಸುವುದು ಈಗ ಸಾಮಾನ್ಯವಾಗಿದೆ, ದಯವಿಟ್ಟು ಮಾಡಬೇಡಿ.

ಅಧ್ಯಯನ ಮುಗಿದ ಮೇಲೆ ಶಾಲೆಯವರು ಏನಾದರೂ ಕೇಳುತ್ತಾರೆ, ಕೇಳುವುದು ಅವರ ಹಕ್ಕು. ಒಂದು ಶಾಲೆಯ ಮುಖ್ಯೋಪಾಧ್ಯಾಯಿನಿ ಅತ್ಯಂತ ಕಡಿಮೆ ಅಂಕ ಬಂದ ಹತ್ತು ಮಕ್ಕಳ ಹೆಸರು ಕೇಳಿದರು, ದಾನಿಗಳು ಕೊಟ್ಟ ನೋಟ್‌ಬುಕ್ ಹಂಚಲು. ಅವರ ಉದ್ದೇಶ ಒಳ್ಳೆಯದೇ ಇತ್ತು. ಆದರೂ ಹೆಸರು ಕೊಡಲಿಲ್ಲ. ಬದಲಿಗೆ ಎಂಟನೆಯ ತರಗತಿಯಲ್ಲಿ ಸಂಜೆ ಕೂತು ಬರೆಯಲು ಮನೆಯಲ್ಲಿ ಜಾಗವಿಲ್ಲದ ಮಕ್ಕಳು ಎಷ್ಟು, ಚೀಟಿಯನ್ನು ತಾವೇ ಓದಿ ಹೇಳಬೇಕಾದ ಮಕ್ಕಳು ಎಷ್ಟು ಎಂಬ ಎರಡು ಸಂಖ್ಯೆಗಳನ್ನು ಬರೆದುಕೊಟ್ಟೆ. ಅವರು ಅದನ್ನು ಎರಡು ಸಲ ಓದಿದರು. ಮುಂದಿನ ವಾರದಿಂದ ಪಾಲಕರ ಸಭೆಯ ಚೀಟಿ ಕಳಿಸುವುದನ್ನು ನಿಲ್ಲಿಸಿ ಫೋನ್ ಮಾಡತೊಡಗಿದರು. ವಿಜ್ಞಾನದ ಕೋಣೆಯ ಬೀಗದ ಕೈಯನ್ನು ಸಂಜೆ ಆರೂವರೆಯವರೆಗೆ ಜವಾನರ ಬಳಿ ಬಿಟ್ಟರು.

ಮೌಖಿಕ ಪರೀಕ್ಷೆ ಮುಗಿದ ದಿನ ಹೆಸರುಗಳ ಪಟ್ಟಿಯನ್ನು ಹರಿದುಹಾಕಿ. ನಾನು ನನ್ನ ವಿದ್ಯಾರ್ಥಿಗಳನ್ನು ಆ ಶಾಲೆಗೇ ಕಳಿಸಿ, ಮುಖ್ಯೋಪಾಧ್ಯಾಯರ ಎದುರಿನಲ್ಲಿ ಹರಿಯಿಸಿ, ಹರಿದ ದಿನಾಂಕವನ್ನು ಪ್ರಬಂಧದ ಅನುಬಂಧದಲ್ಲಿ ಬರೆಸುತ್ತೇನೆ.